ಕಡಲಿಗೆ ಹೋದೆವು, ಬಂಡೆ ಮೇಲೆ ಒಂದು ಜೀವವೂ ಕಾಣಲಿಲ್ಲ. ಎಲ್ಲಿ ತಪ್ಪಿದೆವು?

ವಿಜ್ಞಾನ ಮೇಷ್ಟ್ರು, ಗೌರಿಬಿದನೂರು

ಎಲ್ಲರಿಗೂ ನಮಸ್ಕಾರ. ಹೋದ ಡಿಸೆಂಬರಿನಲ್ಲಿ ನಮ್ಮ ಎಂಟನೇ ತರಗತಿ ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗಿದ್ದೆ. 42 ಮಕ್ಕಳು. ಮೂವರನ್ನು ಬಿಟ್ಟರೆ ಯಾರೂ ಅದುವರೆಗೆ ಕಡಲು ನೋಡಿರಲಿಲ್ಲ. ನಮ್ಮ ಊರಿನ ಮೇಲೆ ಹೋಗುವ 69ನೇ ಹೆದ್ದಾರಿಯ ಒಂದು ತುದಿ ಹೊನ್ನಾವರದಲ್ಲಿದೆ ಅಂತ ಭೂಪಟದಲ್ಲಿ ತೋರಿಸಿದ್ದೆ. ಇದೇ ರೋಡು ಹಿಡಿದರೆ ಕಡಲು ಅಂದಾಗ ಅವರ ಮುಖ ನೋಡಬೇಕಿತ್ತು.

ನಾನು ಹೋಗಿದ್ದು ಮರಳಲ್ಲಿ ಆಡಿಸುವುದಕ್ಕಲ್ಲ. ಬಂಡೆಗಳ ಮೇಲಿನ ಜೀವಿಗಳನ್ನು ತೋರಿಸಬೇಕು ಅಂತ ಆಸೆ ಇತ್ತು. ಹೂವಿನಂತೆ ಕಾಣುವ ಪ್ರಾಣಿ ಕಡಲ ಹೂವು, ಏಡಿ, ನಕ್ಷತ್ರ ಮೀನು, ಸ್ಪಂಜು, ಪಾಠದಲ್ಲಿ ಬರುವ ಎಲ್ಲವೂ. ಮೊದಲು ಹೋದ ಕಡೆ ಬಂಡೆಗಳೇ ಕಾಣಲಿಲ್ಲ, ಎಲ್ಲ ನೀರಿನ ಕೆಳಗೆ. ಆಮೇಲೆ ಗುಡ್ಡದ ಮರೆಯಲ್ಲಿ ಅಲೆಯೇ ಇಲ್ಲದ ಒಂದು ಪುಟ್ಟ ಕೊಲ್ಲಿಗೆ ಹೋದೆವು. ಅಲ್ಲಿ ಒಂದಷ್ಟು ಕಲ್ಲು ಮೇಲೆದ್ದಿದ್ದವು. ಮೈಯೆಲ್ಲ ಪಾಚಿ, ಲೋಳೆ, ಕೆಸರು. ಪ್ರವಾಸ ಕರೆದುಕೊಂಡು ಹೋದವರು "ಇಲ್ಲಿ ಏನೂ ಇಲ್ಲ ಸಾರ್, ಬರೀ ಗಲೀಜು" ಅಂತ ಹತ್ತೇ ನಿಮಿಷಕ್ಕೆ ಬಸ್ಸು ಹತ್ತಿಸಿದರು. ವಾಪಸ್ ಬರುವಾಗ ಒಬ್ಬ ಹುಡುಗಿ ಕೇಳಿದಳು, "ಸಾರ್, ಪುಸ್ತಕದಲ್ಲಿ ಇರುವುದೆಲ್ಲ ಬೇರೆ ದೇಶದ್ದಾ?" ಆ ಮಾತು ಇನ್ನೂ ಚುಚ್ಚುತ್ತಿದೆ.

ಈ ವರ್ಷ ಮತ್ತೆ ಹೋಗಬೇಕು. ಯಾವ ಥರದ ಜಾಗ, ಯಾವ ಹೊತ್ತು, ಏನು ಕಾಣುತ್ತದೆ, ಗೊತ್ತಿದ್ದವರು ಹೇಳಿ.

ಸಿರಾ ಸೀಮೆಯವ

ಎಷ್ಟು ಹೊತ್ತಿಗೆ ಹೋಗಿದ್ದಿರಿ ಸಾರ್? ಅದೇ ಮುಖ್ಯ.

ವಿಜ್ಞಾನ ಮೇಷ್ಟ್ರು, ಗೌರಿಬಿದನೂರು

ಹುಣ್ಣಿಮೆ ದಿನ, ಬೆಳಿಗ್ಗೆ ಹನ್ನೊಂದೂವರೆಗೆ. ಹುಣ್ಣಿಮೆಯಲ್ಲಿ ನೀರು ಜಾಸ್ತಿ ಇಳಿಯುತ್ತದೆ ಅಂತ ಓದಿದ್ದೆ. ಅದಕ್ಕೇ ಆ ದಿನ ಆರಿಸಿದ್ದು.

ಕುಮಟೆ ಮಗಳು, ತಿಪಟೂರು ಸೊಸೆ

ಅಯ್ಯೋ ಮೇಷ್ಟ್ರೇ, ದಿನ ಸರಿ, ಹೊತ್ತು ತಪ್ಪು. ನಮ್ಮ ಉತ್ತರ ಕನ್ನಡದ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಹತ್ತಿರ ನೀರು ಪೂರ್ತಿ ತುಂಬಿರುತ್ತದೆ. ಇಳಿಯುವುದು ನಸುಕಿನಲ್ಲಿ ಮತ್ತು ಸಂಜೆ ಐದರ ಸುಮಾರಿಗೆ. ನೀವು ಸರಿಯಾಗಿ ಉಬ್ಬರದ ನೆತ್ತಿಗೇ ಹೋಗಿದ್ದೀರಿ. ಹುಣ್ಣಿಮೆಯಲ್ಲಿ ಇಳಿತ ಎಷ್ಟು ಜಾಸ್ತಿಯೋ ಉಬ್ಬರವೂ ಅಷ್ಟೇ ಜಾಸ್ತಿ. ಕಾರವಾರದ ಹತ್ತಿರ ಎರಡಕ್ಕೂ ಸುಮಾರು 2 ಮೀಟರ್ ವ್ಯತ್ಯಾಸ. ಒಬ್ಬ ದೊಡ್ಡ ಆಳು ನಿಂತರೆ ತಲೆ ಮುಳುಗುವಷ್ಟು.

ಸಂಜೆ ನಾಲ್ಕಕ್ಕೆ ಹೋಗಿ. ನೀರು ಇಳಿಯುತ್ತಿರುವಾಗ ಅದರ ಹಿಂದೆಯೇ ಕೆಳಗೆ ಇಳಿಯುತ್ತಾ ಹೋಗಬೇಕು. ನೀರು ತಿರುಗಿದ ಕೂಡಲೇ ನೀವೂ ತಿರುಗಬೇಕು. ನಮ್ಮ ಅಜ್ಜಿ ಕಲ್ಲಿನ ಮೇಲೆ ಕಲಗ ಕೀಳಲು ಹೋಗುತ್ತಿದ್ದದ್ದು ಹಾಗೆಯೇ. ಕಲಗ ಅಂದರೆ ಬಂಡೆಗೆ ಅಂಟಿಕೊಂಡಿರುವ ಚಿಪ್ಪು, ಪೇಟೆಯವರು ಆಯ್ಸ್ಟರ್ ಅನ್ನುತ್ತಾರಲ್ಲ, ಅದು.

ಪಂಚಾಂಗ ನೋಡುವವ, ಮುಳಬಾಗಿಲು

ಇದಕ್ಕೆ ಲೆಕ್ಕ ಸುಲಭ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಚಂದ್ರ ಹುಟ್ಟುವುದು ತಡವಾಗುತ್ತದಲ್ಲ, ಹಾಗೆಯೇ. ಹುಣ್ಣಿಮೆ ದಿನ ಐದಕ್ಕೆ ಇಳಿತ ಅಂದರೆ ಪಾಡ್ಯಕ್ಕೆ ಆರರ ಹತ್ತಿರ. ಹೀಗೆ ಎಣಿಸಿದರೆ ಅಷ್ಟಮಿ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಳಿತ ಬರುತ್ತದೆ. ಶಾಲೆ ಮಕ್ಕಳಿಗೆ ಅದೇ ಅನುಕೂಲ ಅಲ್ವಾ? ತಿಂಡಿ ತಿಂದು ಆರಾಮಾಗಿ ಹೋಗಬಹುದು.

ಕುಮಟೆ ಮಗಳು, ತಿಪಟೂರು ಸೊಸೆ

ಲೆಕ್ಕ ಸರಿ, ಸಲಹೆ ಬೇಡ. ಅಷ್ಟಮಿಯಲ್ಲಿ ಸೂರ್ಯ ಒಂದು ಕಡೆ ಎಳೆದರೆ ಚಂದ್ರ ಇನ್ನೊಂದು ಕಡೆ ಎಳೆಯುತ್ತಾನೆ. ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಕೆಳಗಿನ ಬಂಡೆಗಳು ತೆರೆದುಕೊಳ್ಳುವುದೇ ಇಲ್ಲ, ಚಂದದ್ದೆಲ್ಲ ಇರುವುದು ಅಲ್ಲಿಯೇ. ಇನ್ನೊಂದು ಮಾತು, ನಮ್ಮ ಕಡೆ ದಿನದ ಎರಡು ಇಳಿತ ಒಂದೇ ಸಮ ಇರುವುದಿಲ್ಲ. ಒಂದು ಆಳ, ಒಂದು ಮೇಲು. ಸರ್ವೆ ಆಫ್ ಇಂಡಿಯಾದವರು ಪ್ರತಿ ವರ್ಷ ಉಬ್ಬರ-ಇಳಿತದ ಪಟ್ಟಿ ಹೊರತರುತ್ತಾರೆ. ಅದನ್ನು ನೋಡಿಯೇ ದಿನ ಗೊತ್ತುಮಾಡಿ. ಪಂಚಾಂಗ ಅಂದಾಜಿಗೆ ಮಾತ್ರ.

ಪಂಚಾಂಗ ನೋಡುವವ, ಮುಳಬಾಗಿಲು

ಒಪ್ಪಿದೆ ತಾಯಿ. ಎಳೆತ ಕಮ್ಮಿಯಾಗುವ ವಿಷಯ ಹೊಳೆದಿರಲಿಲ್ಲ.

ಬೈಕಿನಲ್ಲಿ ಊರೂರು, ತುಮಕೂರು

ಹೊತ್ತಿನ ಮಾತು ಇರಲಿ. ಮೇಷ್ಟ್ರು ಹೋದ ಜಾಗವೇ ತಪ್ಪು. ಅಲೆ ಇಲ್ಲದ ಕೊಲ್ಲಿಯಲ್ಲಿ ಏನಿರುತ್ತದೆ? ನಿಂತ ನೀರು, ಆಮ್ಲಜನಕ ಇರುವುದಿಲ್ಲ. ಕಡಲಿಗೆ ಚಾಚಿಕೊಂಡ ಮೂಗಿನಂಥ ಬಂಡೆಗಳಿಗೆ ಹೋಗಬೇಕು, ಅಲೆ ಬಡಿಯುವ ಕಡೆ. ನಾನು ಗೋಕರ್ಣದಿಂದ ಭಟ್ಕಳದವರೆಗೆ ಸುತ್ತಿದ್ದೇನೆ. ಅಲೆ ಬಡಿಯುವ ಬಂಡೆ ಪೂರ್ತಿ ಚಿಪ್ಪು ಮೆತ್ತಿಕೊಂಡಿರುತ್ತದೆ.

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ಇಲ್ಲ, ಇದನ್ನು ಹೀಗೇ ಬಿಡಲು ಮನಸ್ಸು ಬರುತ್ತಿಲ್ಲ. ಮೇಷ್ಟ್ರು ಎರಡನೆಯದಾಗಿ ಹೋದ ಜಾಗವೇ ಸರಿಯಾದ ಜಾಗ. ಹತ್ತು ನಿಮಿಷಕ್ಕೆ ಬಸ್ಸು ಹತ್ತಿದ್ದು ಮಾತ್ರ ತಪ್ಪು.

ಅಲೆ ಬಡಿಯುವ ಬಂಡೆಯಲ್ಲಿ ಗಟ್ಟಿಯಾಗಿ ಅಂಟಿಕೊಳ್ಳಬಲ್ಲವರು ಮಾತ್ರ ಉಳಿಯುತ್ತಾರೆ. ಬಾರ್ನಕಲ್, ನೀಲಿಕಲ್ಲು ಎಂಬ ಚಿಪ್ಪುಜೀವಿ, ಟೋಪಿ ಕವುಚಿಟ್ಟ ಹಾಗಿರುವ ಲಿಂಪೆಟ್ ಎಂಬ ಬಸವನಹುಳು. ಸಂಖ್ಯೆ ಜಾಸ್ತಿ ನಿಜ. ಬಗೆ ಜಾಸ್ತಿ ಅಂತ ಅದರಿಂದ ಹೇಳಲು ಬರುವುದಿಲ್ಲ. ಅಲೆ ಬಡಿಯದ ಮರೆಯ ತೀರದಲ್ಲಿ ಕಲ್ಲುಗಳು ಉರುಳುವುದಿಲ್ಲ. ಇದನ್ನು ನೆನಪಿಡಿ. ಕಲ್ಲು ವರ್ಷಗಟ್ಟಲೆ ಒಂದೇ ಕಡೆ ಕೂತಿದ್ದರೆ ಅದರ ಅಡಿ ಒಂದು ಊರೇ ಆಗುತ್ತದೆ. ಮೇಲ್ಗಡೆ ಬಿಸಿಲಿಗೆ ಪಾಚಿ, ಅದನ್ನು ಮೇಯುವ ಬಸವನಹುಳುಗಳು. ಅಡಿಯಲ್ಲಿ ತಂಪು, ಕತ್ತಲೆ, ತೇವ. ಅಲ್ಲಿ ಸ್ಪಂಜು, ಕೊಳವೆ ಕಟ್ಟಿಕೊಂಡ ಹುಳು, ಚಪ್ಪಟೆ ಏಡಿ, ತೆಳ್ಳನೆ ಕೈಗಳ ನಕ್ಷತ್ರ ಮೀನು. ಅಲೆ ಬಡಿಯುವ ಕಡೆ ಕಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಅಡಿಯೆಲ್ಲ ನುಣ್ಣಗಾಗಿರುತ್ತದೆ.

ಆ ಲೋಳೆ ಗಲೀಜಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ತೆಳು ಪದರ. ಲಿಂಪೆಟ್‌ಗೆ ಅದೇ ಊಟ, ಕಲ್ಲಿನಿಂದ ಕೆರೆದು ತಿನ್ನುತ್ತದೆ. ನೀರು ಬಂದಾಗ ಮೇಯಲು ಹೊರಟು, ನೀರು ಇಳಿಯುವ ಮುಂಚೆ ತನ್ನ ಜಾಗಕ್ಕೇ ವಾಪಸ್ ಬರುವ ಲಿಂಪೆಟ್‌ಗಳಿವೆ. ಅವುಗಳ ಚಿಪ್ಪಿನ ಅಂಚು ಆ ಜಾಗದ ಕಲ್ಲಿಗೆ ಸರಿಯಾಗಿ ಕೂರುತ್ತದೆ, ಪಾತ್ರೆಗೆ ಮುಚ್ಚಳ ಕೂತ ಹಾಗೆ.

ಒಂದು ಮಾತಿಗೆ ನಿಮಗೂ ಅರ್ಧ ಅಂಕ ಕೊಡುತ್ತೇನೆ. ಮರೆಯ ಕೊಲ್ಲಿಯಲ್ಲಿ ಕೆಸರು ಕೂರುತ್ತದೆ. ಕಲ್ಲು ಕೆಸರಲ್ಲಿ ಅರ್ಧ ಹೂತಿದ್ದರೆ ಅದರ ಅಡಿ ಕಪ್ಪಗಾಗಿ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಅಲ್ಲಿ ಆಮ್ಲಜನಕ ಇಲ್ಲ, ನಿಜ. ಆದರೆ ಕೊಲ್ಲಿಯ ನೀರು ನಿಂತ ನೀರಲ್ಲ. ದಿನಕ್ಕೆ ಎರಡು ಸಲ ತುಂಬಿ ಎರಡು ಸಲ ಬರಿದಾಗುವ ನೀರನ್ನು ನಿಂತ ನೀರು ಅನ್ನುವುದು ಹೇಗೆ?

ಬೈಕಿನಲ್ಲಿ ಊರೂರು, ತುಮಕೂರು

ಮೇಡಂ, ಕಣ್ಣಾರೆ ಕಂಡದ್ದನ್ನು ಹೇಳಿದೆ. ಬಡಿಯುವ ಬಂಡೆಯಲ್ಲಿ ಜೀವಿಗಳು ಎಷ್ಟೋ ಎತ್ತರದವರೆಗೆ ಇರುತ್ತವೆ. ಕೊಲ್ಲಿಯಲ್ಲಿ ಮೊಣಕಾಲೆತ್ತರಕ್ಕೇ ಮುಗಿದುಹೋಗುತ್ತದೆ. ಇದೂ ಸುಳ್ಳಾ?

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ಸುಳ್ಳಲ್ಲ, ಒಳ್ಳೆಯ ಗಮನಿಕೆ. ಅಲೆ ಸಿಡಿದು ಮೇಲಿನ ಬಂಡೆಯನ್ನು ತೋಯಿಸುತ್ತದೆ, ಅದಕ್ಕೆ ಅಲ್ಲಿ ಒಂದೊಂದು ಜೀವಿ ಒಂದೊಂದು ಎತ್ತರದಲ್ಲಿ ಕಟ್ಟಿಕೊಳ್ಳುವ ಪಟ್ಟಿಗಳು ಮೇಲಕ್ಕೆ ಹಿಗ್ಗುತ್ತವೆ. ಮರೆಯಲ್ಲಿ ಸಿಡಿತ ಇಲ್ಲ, ಅದಕ್ಕೆ ಎಲ್ಲ ಪಟ್ಟಿಗಳೂ ಒತ್ತೊತ್ತಾಗಿ ಕೆಳಗೇ ಇರುತ್ತವೆ. ಮಕ್ಕಳಿಗೆ ಇದು ಅನುಕೂಲವೇ ಅಲ್ವಾ? ಒಂದೇ ಬಂಡೆಯ ಮುಂದೆ ಕೂತು ಮೇಲಿಂದ ಕೆಳಗೆ ಎಲ್ಲ ನೋಡಬಹುದು. ಮೇಲೆ ಕಪ್ಪು ಬಣ್ಣದ ಪಟ್ಟಿ, ಅದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಸವನಹುಳುಗಳು. ಅದರ ಕೆಳಗೆ ಬಾರ್ನಕಲ್. ಆಮೇಲೆ ಕಲಗ. ಇನ್ನೂ ಕೆಳಗೆ ಪಾಚಿ, ಕಡಲ ಹೂವು.

ಇದನ್ನೇ ಹಿಡಿದು 1961ರಲ್ಲಿ ಬ್ಯಾಲಂಟೈನ್ ಎಂಬ ವಿಜ್ಞಾನಿ ಒಂದು ಅಳತೆಗೋಲು ಮಾಡಿದರು. ವೇಲ್ಸ್‌ನ ಪೆಂಬ್ರೋಕ್‌ಶೈರ್ ತೀರದಲ್ಲಿ. ಅಲೆಯನ್ನು ಯಂತ್ರದಿಂದ ಅಳೆಯುವ ಬದಲು, ಬಂಡೆಯ ಮೇಲೆ ಯಾರು ಯಾರು ಇದ್ದಾರೆ ನೋಡಿ ಆ ತೀರಕ್ಕೆ ಅಲೆಯ ಹೊಡೆತ ಎಷ್ಟು ಅಂತ ಹೇಳುವುದು. ಆದರೆ ಇಂಟರ್ನೆಟ್ಟಿನಲ್ಲಿ ಮರೆಯ ತೀರ ಅಂತ ಹುಡುಕಿದರೆ ಹಗ್ಗದಂಥ ಉದ್ದನೆ ಕಂದು ಪಾಚಿ ಬಂಡೆ ಮುಚ್ಚಿದ ಚಿತ್ರ ಬರುತ್ತದೆ. ಅದು ಆ ಕಡೆಯ ತಣ್ಣನೆ ಕಡಲಿನದು. ನಮ್ಮಲ್ಲಿ ಅದನ್ನು ಹುಡುಕಬೇಡಿ. ನಮ್ಮ ಮರೆಯ ಬಂಡೆಗಳಲ್ಲಿ ಕಲಗದ್ದೇ ರಾಜ್ಯ.

ಸಿರಾ ಸೀಮೆಯವ

ಬಾರ್ನಕಲ್ ಅಂದರೆ ಬಂಡೆಗೆ ಅಂಟಿದ ಚೂಪು ಸುಣ್ಣದ ಗುಳ್ಳೆ ಥರ ಇರುತ್ತದಲ್ಲ, ಅದಾ? ಅದಕ್ಕೆ ಜೀವ ಇದೆಯಾ?

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ಇದೆ. ಸೀಗಡಿ, ಏಡಿಗಳ ನೆಂಟ ಅದು. ಮರಿಯಾಗಿದ್ದಾಗ ಈಜುತ್ತದೆ. ಆಮೇಲೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಸುತ್ತ ಗೋಡೆ ಕಟ್ಟಿಕೊಂಡು ಜೀವನ ಪೂರ್ತಿ ಕಾಲಿನಿಂದ ಊಟ ಹಿಡಿಯುತ್ತದೆ. ಡಾರ್ವಿನ್ 1846ರಿಂದ 1854ರವರೆಗೆ 8 ವರ್ಷ ಇದೊಂದನ್ನೇ ಹಿಡಿದು ಕೂತಿದ್ದರು.

1961ರಲ್ಲೇ ಇನ್ನೊಂದು ಕೆಲಸ ಪ್ರಕಟವಾಯಿತು. ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ಎಂಬಲ್ಲಿ ಕಾನೆಲ್ ಎಂಬುವರು ಎರಡು ಬಗೆ ಬಾರ್ನಕಲ್ ಇಟ್ಟುಕೊಂಡು ನೋಡಿದರು. ಒಂದು ಮೇಲಿನ ಪಟ್ಟಿಯದು, ಒಂದು ಕೆಳಗಿನದು. ಕೆಳಗಿನದನ್ನು ಕೆರೆದು ತೆಗೆದರೆ ಮೇಲಿನದು ಕೆಳಗೂ ಚೆನ್ನಾಗಿ ಬದುಕಿತು. ಅಂದರೆ ಅದು ಮೇಲಿದ್ದದ್ದು ಇಷ್ಟಪಟ್ಟಲ್ಲ, ಜಾಗ ಸಿಗದೆ. ಕೆಳಗಿನ ದೊಡ್ಡ ಜಾತಿ ಬೆಳೆಯುತ್ತಾ ಮೇಲಿನ ಚಿಕ್ಕದನ್ನು ಎಬ್ಬಿಸಿ, ಒತ್ತಿ ಸಾಯಿಸುತ್ತಿತ್ತು. ಆ ದೊಡ್ಡದಕ್ಕೆ ಮೇಲೆ ಹೋಗಲು ಆಗುವುದಿಲ್ಲ, ಬಿಸಿಲಿಗೆ ಒಣಗಿ ಸಾಯುತ್ತದೆ.

ವಿಜ್ಞಾನ ಮೇಷ್ಟ್ರು, ಗೌರಿಬಿದನೂರು

ಮೇಡಂ, ಇದನ್ನು ನಾನು ಮೊದಲೇ ಓದಿಕೊಂಡು ಹೋಗಿದ್ದರೆ ಆ ಕೊಲ್ಲಿಯಲ್ಲಿ ಎರಡು ಗಂಟೆ ಕೂರಿಸುತ್ತಿದ್ದೆ. ಬೇಜಾರಾಗುತ್ತಿದೆ.

ಮಧುಗಿರಿ ಬೆಟ್ಟದ ಕೆಳಗೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕಡಲ ಬಂಡೆಯಲ್ಲಿ ನೀರು ಇಳಿದ ಮೇಲೆ ಉಳಿಯುವ ಗುಂಡಿಗೆ ನಮ್ಮಲ್ಲಿ ಒಳ್ಳೆ ಹೆಸರೇ ಇದೆ. ದೊಣೆ. ನಮ್ಮ ಬೆಟ್ಟಗಳ ಮೇಲೆಲ್ಲ ದೊಣೆ ಇದ್ದೇ ಇವೆ. ನಮ್ಮೂರ ಮಕ್ಕಳಿಗೆ ಕಡಲ ದೊಣೆ ಅಂದರೆ ಸಾಕು, ಬೇರೆ ವಿವರಣೆ ಬೇಕಾಗಿಲ್ಲ.

ಮಳೆ ಬಿದ್ದ ಮೇಲೆ ಆಳ ಇಲ್ಲದ ದೊಣೆಗಳಲ್ಲಿ ಉಗುರುದ್ದದ, ಗಾಜಿನಂಥ ಸೀಗಡಿ ಕಾಣುತ್ತದೆ. ಬೆನ್ನು ಕೆಳಗೆ ಮಾಡಿ ಅಂಗಾತ ಈಜುತ್ತದೆ. ನಾನು ಚಿಕ್ಕವನಿದ್ದಾಗಿಂದ ನೋಡಿದ್ದೇನೆ. ಬೇಸಿಗೆಯಲ್ಲಿ ಅದೇ ದೊಣೆ ಬಾಣಲೆಯ ಹಾಗೆ ಕಾದು ಒಣಗಿರುತ್ತದೆ. ಎಲ್ಲಿಂದ ಬಂತು ಈ ಸೀಗಡಿ ಅಂತ ತಲೆ ಕೆಡಿಸಿಕೊಂಡಿದ್ದೆ. ಮೊಟ್ಟೆ ಒಣ ಮಣ್ಣಲ್ಲಿ ಕಾಯುತ್ತದೆ ಅಂತ ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು. ಮೇಷ್ಟ್ರೇ, ಕಡಲಿಗೆ ಹೋಗುವ ಮುಂಚೆ ಮಕ್ಕಳನ್ನು ಒಂದು ದೊಣೆ ಮುಂದೆ ಒಂದು ಗಂಟೆ ಕೂರಿಸಿ. ಸುಮ್ನೆ ಕೂತು ನೋಡುವುದು ಅಲ್ಲಿ ಅಭ್ಯಾಸವಾಗಲಿ.

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ದೊಣೆ! ಎಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಪದ ಹೊಳೆದೇ ಇಲ್ಲ. ಇನ್ನು ಮುಂದೆ ಇದನ್ನೇ ಬಳಸುತ್ತೇನೆ.

ಕಷ್ಟವೂ ಒಂದೇ ಥರ ನೋಡಿ. ಕಡಲ ದೊಣೆ ಬಿಸಿಲಿಗೆ ಕಾಯುತ್ತದೆ, ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ಮಳೆ ಬಂದರೆ ಉಪ್ಪು ತಟ್ಟನೆ ಇಳಿಯುತ್ತದೆ. ಆರು ಗಂಟೆಯಲ್ಲಿ ಇಷ್ಟೆಲ್ಲ ತಡೆದುಕೊಂಡು ಬದುಕುವ ಪ್ರಾಣಿಗಳು ಅವು.

ಬೈಕಿನಲ್ಲಿ ಊರೂರು, ತುಮಕೂರು

ಕಲ್ಲಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ ಅಲ್ವಾ? ಚಿರೆಕಲ್ಲಿನ ತೀರದಲ್ಲಿ ತೂತು ಜಾಸ್ತಿ, ತೂತಿಗೊಂದು ಏಡಿ. ನಮ್ಮ ಬೆಟ್ಟದ ಕಲ್ಲಿನಂಥ ನುಣುಪು ಬಂಡೆ ಬೇಗ ಒಣಗುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ ಇನ್ನೂ ಚೆನ್ನ. ಕಂಬ ಜೋಡಿಸಿದ ಹಾಗೆ ಬಂಡೆ. ಪಡುವಣ ಮಗ್ಗುಲು ಕಡಲಿಗೆ ತೆರೆದಿದೆ, ಮೂಡಣ ಮಗ್ಗುಲು ಮರೆ. ನಮ್ಮ ಜಗಳಕ್ಕೆ ಅಲ್ಲಿಯೇ ತೀರ್ಪು ಸಿಗುತ್ತದೆ, ಒಂದೇ ದಿನ ಎರಡೂ ನೋಡಬಹುದು.

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ಇದು ಒಳ್ಳೆ ಸಲಹೆ. ಪೂರ್ತಿ ಅಂಕ.

ನಿವೃತ್ತ ಶಿಕ್ಷಕ, ಶಿಡ್ಲಘಟ್ಟ

ನಮ್ಮ ಕಾಲದಲ್ಲಿ ಗಾಜಿನ ಬಾಟಲಿ, ಫಾರ್ಮಲಿನ್ ತೆಗೆದುಕೊಂಡು ಹೋಗುತ್ತಿದ್ದೆವು. ನಕ್ಷತ್ರ ಮೀನು, ಕಡಲ ಮುಳ್ಳುಚೆಂಡು ತಂದು ಬೀರುವಿನಲ್ಲಿ ಇಡುತ್ತಿದ್ದೆವು. ಬಡ ಮಕ್ಕಳು ಎಷ್ಟು ಸಲ ಕಡಲಿಗೆ ಹೋಗಲು ಸಾಧ್ಯ? ಒಂದು ಸಲ ತಂದರೆ ಇಪ್ಪತ್ತು ವರ್ಷ ಮಕ್ಕಳು ನೋಡುತ್ತಾರೆ. ಮೇಷ್ಟ್ರು ಒಂದೊಂದು ತರುವುದರಲ್ಲಿ ತಪ್ಪಿಲ್ಲ.

ಕುಮಟೆ ಮಗಳು, ತಿಪಟೂರು ಸೊಸೆ

ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬೇಡ. ಒಂದು ಶಾಲೆ ಒಂದು ತಂದರೆ ಏನೂ ಆಗುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಬರುವ ಬಸ್ಸು ಎಷ್ಟು ಅಂತ ಬಂದು ನೋಡಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಹಿಂದಿನ ಬಂಡೆಯಲ್ಲಿ ನಕ್ಷತ್ರ ಮೀನು ಕಾಣುತ್ತಿತ್ತು. ಈಗ ನನ್ನ ಮಗಳಿಗೆ ತೋರಿಸಲು ಹೋದರೆ ಸಿಗಲಿಲ್ಲ.

ನಿವೃತ್ತ ಶಿಕ್ಷಕ, ಶಿಡ್ಲಘಟ್ಟ

ಜೀವ ಇರುವುದು ಬೇಡ, ಒಪ್ಪೋಣ. ಖಾಲಿ ಚಿಪ್ಪು? ಅದು ಸತ್ತದ್ದೇ ಅಲ್ವಾ?

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮನೆ ಸರ್. ಅದರ ಹಿಂಭಾಗ ಮೆತ್ತಗೆ, ಸ್ವಂತ ಕವಚ ಇಲ್ಲ. ಬೆಳೆದ ಹಾಗೆ ದೊಡ್ಡ ಮನೆ ಹುಡುಕುತ್ತಲೇ ಇರುತ್ತದೆ. ಚಿಪ್ಪು ಸಾಲದೆ ಒಂದರ ಮನೆ ಇನ್ನೊಂದು ಕಿತ್ತುಕೊಳ್ಳುವುದೂ ಉಂಟು. ಇನ್ನು ಕಡಲ ಸೌತೆ ಎಂಬ ಪ್ರಾಣಿ, ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಯಾವುದು ಪಟ್ಟಿಯಲ್ಲಿದೆ, ಯಾವುದು ಇಲ್ಲ ಅಂತ ಬಂಡೆಯ ಮೇಲೆ ನಿಂತು ಮಕ್ಕಳಿಗೆ ತೀರ್ಮಾನಿಸಲು ಆಗುವುದಿಲ್ಲ.

ಒಂದು ಜೀವಿ ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ಪೇನ್ ಎಂಬ ವಿಜ್ಞಾನಿಯ ಕೆಲಸ ನೋಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೆರೆದ ಕಡಲತೀರದಲ್ಲಿ ಒಂದು ತುಂಡು ಬಂಡೆಯಿಂದ ನಕ್ಷತ್ರ ಮೀನನ್ನು ಮಾತ್ರ ಕಿತ್ತು ದೂರ ಎಸೆಯುತ್ತಾ ಹೋದರು. ಅದು ತಿನ್ನುತ್ತಿದ್ದ ಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿದವು. 15 ಬಗೆ ಜೀವಿಗಳಿದ್ದ ಕಡೆ 8 ಉಳಿದವು. ಇದು ಪ್ರಕಟವಾದದ್ದು 1966ರಲ್ಲಿ.

ನಿವೃತ್ತ ಶಿಕ್ಷಕ, ಶಿಡ್ಲಘಟ್ಟ

ಖಾಲಿ ಚಿಪ್ಪಿನ ಮಾತು ಮನಸ್ಸಿಗೆ ತಟ್ಟಿತು. ನಮ್ಮ ಬೀರುವಿನಲ್ಲಿ ಇರುವುದು ಇರಲಿ. ಹೊಸದು ಬೇಡ.

ಅಂದಹಾಗೆ, ಲಿಂಪೆಟ್ ಕಲ್ಲನ್ನು ಕೆರೆದು ತಿನ್ನುತ್ತದೆ ಅಂದಿರಿ. ಅದರ ಹಲ್ಲು ಸವೆಯುವುದಿಲ್ಲವೇ?

ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಕೋಲಾರ

ಸವೆಯುತ್ತದೆ, ಹಿಂದಿನಿಂದ ಹೊಸ ಸಾಲು ಬರುತ್ತಲೇ ಇರುತ್ತದೆ. ರೇಷ್ಮೆ ಊರಿನವರಿಗೆ ಖುಷಿಯಾಗುವ ವಿಷಯ ಹೇಳುತ್ತೇನೆ. ಅದುವರೆಗೆ ಜೀವಿಗಳು ಮಾಡುವ ವಸ್ತುಗಳಲ್ಲಿ ಜೇಡರ ರೇಷ್ಮೆಯೇ ಗಟ್ಟಿ ಅಂದುಕೊಂಡಿದ್ದರು. 2015ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಲಿಂಪೆಟ್ ಹಲ್ಲನ್ನು ಎಳೆದು ಪರೀಕ್ಷಿಸಿದರು. ಹಲ್ಲೇ ಗೆದ್ದಿತು. ಅದರೊಳಗೆ ಕಬ್ಬಿಣದ ಖನಿಜದ ಎಳೆಗಳಿವೆ.

ಸಿರಾ ಸೀಮೆಯವ

ಈ ಕಲಗ, ನೀಲಿಕಲ್ಲು ತಿನ್ನಲು ಹೇಗಿರುತ್ತದೆ?

ಕುಮಟೆ ಮಗಳು, ತಿಪಟೂರು ಸೊಸೆ

ತಿಪಟೂರಿನ ತೆಂಗಿನಕಾಯಿ ತುರಿ ಹಾಕಿ ನೀಲಿಕಲ್ಲು ಸುಕ್ಕ ಮಾಡಿದರೆ ನೀವು ಸಿರಾಗೆ ವಾಪಸ್ ಹೋಗುವುದಿಲ್ಲ! ನಮ್ಮ ಅಘನಾಶಿನಿ ಅಳಿವೆಯಲ್ಲಿ ಎಷ್ಟೋ ಮನೆಗಳು ಬಳಚು ಎಂಬ ಚಿಪ್ಪುಜೀವಿ ಆರಿಸಿಯೇ ನಡೆಯುತ್ತವೆ. 2024ರಲ್ಲಿ ಆ ಅಳಿವೆಗೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಬಳಚು ಆರಿಸುವ ಹೆಂಗಸರಿಗೆ ಯಾವ ಬಂಡೆ, ಯಾವ ಮರಳು ದಿಬ್ಬ ಅಂತ ಚೆನ್ನಾಗಿ ಗೊತ್ತು. ಮೇಷ್ಟ್ರೇ, ಆ ಅಳಿವೆಯ ದಡದ ತದಡಿ ಕಡೆ ಹೋದರೆ ಆ ಹೆಂಗಸರ ಜೊತೆ ಮಕ್ಕಳನ್ನು ಮಾತಾಡಿಸಿ.

ಪಂಚಾಂಗ ನೋಡುವವ, ಮುಳಬಾಗಿಲು

ಮಕ್ಕಳ ಸುರಕ್ಷತೆ ಬಗ್ಗೆ ಯಾರೂ ಹೇಳಲಿಲ್ಲ.

ಕುಮಟೆ ಮಗಳು, ತಿಪಟೂರು ಸೊಸೆ

ಸರಿಯಾಗಿ ನೆನಪಿಸಿದಿರಿ. ಬರಿಗಾಲು ಬೇಡವೇ ಬೇಡ, ಕಲಗದ ಅಂಚು ಬ್ಲೇಡಿನ ಹಾಗೆ. ಹವಾಯಿ ಚಪ್ಪಲಿಯೂ ಬೇಡ, ಹಸಿರು ಪಾಚಿಯ ಮೇಲೆ ಜಾರುತ್ತದೆ. ಹಳೆ ಕ್ಯಾನ್ವಾಸ್ ಬೂಟು ಹಾಕಿಸಿ. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಬಿಲದೊಳಗೆ ಬೆರಳು ಹಾಕಬಾರದು. ಐಸ್‌ಕ್ರೀಂ ಕೋನಿನ ಆಕಾರದ ಚಂದದ ಚಿಪ್ಪು ಕಂಡರೆ ಮುಟ್ಟಲೇಬಾರದು, ಕೋನ್ ಬಸವನಹುಳುವಿನ ಕುಟುಕು ವಿಷ. ಮಳೆಗಾಲದಲ್ಲಿ ಬರಲೇಬೇಡಿ. ಆಗ ನಮ್ಮ ಮರೆಯ ಕೊಲ್ಲಿಗಳಲ್ಲೂ ಅಲೆ ಬಡಿಯುತ್ತದೆ.

ಮತ್ತೆ ಕಲ್ಲು ಎತ್ತಿ ನೋಡಿದರೆ, ಮೆಲ್ಲಗೆ ಇದ್ದ ಹಾಗೆಯೇ ವಾಪಸ್ ಇಡಿಸಿ. ಬೋರಲು ಬಿಟ್ಟುಹೋದರೆ ಅಡಿಯವರು ಬಿಸಿಲಿಗೆ ಒಣಗುತ್ತಾರೆ, ಮೇಲಿನ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ. ಒಂದು ಗುಂಪಿಗೆ ಒಂದೇ ಕಲ್ಲು ಅಂತ ನಿಯಮ ಮಾಡಿ.

ವಿಜ್ಞಾನ ಮೇಷ್ಟ್ರು, ಗೌರಿಬಿದನೂರು

ಎಲ್ಲರಿಗೂ ತುಂಬಾ ಧನ್ಯವಾದ. ಈ ಸಲ ಬಾಟಲಿ ಇಲ್ಲ, ನೋಟ್ ಪುಸ್ತಕ, ಪೆನ್ಸಿಲ್, ಭೂತಗನ್ನಡಿ ಮಾತ್ರ. ಸಂಜೆಯ ಇಳಿತ ನೋಡಿ ದಿನ ಗೊತ್ತುಮಾಡುತ್ತೇನೆ. ಪ್ರವಾಸದವರಿಗೆ ಎರಡು ಗಂಟೆ ಬಸ್ಸು ನಿಲ್ಲಿಸಬೇಕು ಅಂತ ಮೊದಲೇ ಬರೆದು ಕೊಡುತ್ತೇನೆ.

ವಿಜ್ಞಾನ ಮೇಷ್ಟ್ರು, ಗೌರಿಬಿದನೂರು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮಧುಗಿರಿಯವರ ಮಾತು ಕೇಳಿ ಭಾನುವಾರ ಮಕ್ಕಳನ್ನು ಹತ್ತಿರದ ಬೆಟ್ಟಕ್ಕೆ ಕರೆದುಕೊಂಡು ಹೋದೆ. ವಾರದ ಹಿಂದೆ ಮಳೆ ಬಿದ್ದಿತ್ತು. ಮೊದಲ ಹತ್ತು ನಿಮಿಷ "ಏನೂ ಇಲ್ಲ ಸಾರ್" ಅಂದರು. ಅರ್ಧ ಗಂಟೆ ಆದ ಮೇಲೆ ಯಾರೂ ಏಳಲು ತಯಾರಿರಲಿಲ್ಲ. ಪುಸ್ತಕದ್ದೆಲ್ಲ ಬೇರೆ ದೇಶದ್ದಾ ಅಂತ ಕೇಳಿದ್ದ ಹುಡುಗಿಯ ತಂಗಿ ಈ ವರ್ಷ ಎಂಟನೇ ತರಗತಿ. ಅಂಗಾತ ಈಜುವ ಸೀಗಡಿ ಮೊದಲು ಕಂಡದ್ದು ಅವಳಿಗೆ. ಹನ್ನೊಂದು ಎಣಿಸಿದಳು.

ಅಕ್ಕನನ್ನೂ ಕಡಲಿಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದಳು. ಬಸ್ಸಿನಲ್ಲಿ ಒಂದು ಸೀಟು ಇದೆ.

ಮಧುಗಿರಿ ಬೆಟ್ಟದ ಕೆಳಗೆ

ಎರಡು ಸೀಟು ಇದ್ದರೆ ಹೇಳಿ. ನಾನೂ ಬರುತ್ತೇನೆ.